ಕುಟುಂಬದ ದೈವ, ಹಿರಿಯರ ಕಟ್ಟು, ಇಂದಿನ ನ್ಯಾಯ: ತುಳುನಾಡಿನ ಮನೆತನಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡಿನ ಕುಟುಂಬದ ಮನೆಗಳಲ್ಲಿ ತಂಬಿಲಕ್ಕೋ (ಮನೆಯವರು ದೈವಕ್ಕೆ ಸಲ್ಲಿಸುವ ಪೂಜೆ) ನೇಮಕ್ಕೋ (ದೈವವನ್ನು ಮೈಮೇಲೆ ಬರಿಸಿ ನಡೆಸುವ ಆರಾಧನೆ) ದಿನ ನಿಶ್ಚಯಿಸಲು ಎಲ್ಲರೂ ಸೇರಿದಾಗ, ಖರ್ಚುವೆಚ್ಚದ ಮಾತು ಮುಗಿಯುವ ಮೊದಲೇ ಇನ್ನೊಂದು ಮಾತು ಏಳುತ್ತದೆ: ಹಿಂದಿನಿಂದ ಬಂದದ್ದನ್ನೆಲ್ಲ ಹಾಗೆಯೇ ನಡೆಸಬೇಕೇ, ಕೆಲವನ್ನಾದರೂ ಬಿಡಬೇಕೇ? ಊರಿನಲ್ಲಿರುವವರೂ, ಮುಂಬಯಿ, ಬೆಂಗಳೂರುಗಳಲ್ಲಿ ನೆಲೆಸಿದವರೂ, ಗಲ್ಫಿನಿಂದ ರಜೆಯಲ್ಲಿ ಬಂದವರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಉತ್ತರ ಬರೆದವರು ದೈವಗಳನ್ನು ನಂಬಿ ನಡೆದುಕೊಂಡು ಬಂದವರೇ. ನಂಬಿಕೆಯನ್ನು ಹೊರಗಿನಿಂದ ನೋಡಿ ತೀರ್ಪು ಕೊಡುವ ಉದ್ದೇಶ ಇಲ್ಲಿಲ್ಲ.

ಹಿರಿಯರು ಹಾಕಿದ ಕಟ್ಟನ್ನು (ಕಟ್ಟುಪಾಡನ್ನು) ಬದಲಿಸುವ ಅಧಿಕಾರ ನಮಗಿದೆಯೇ?

ಕಟ್ಟು ಈಗಾಗಲೇ ಸಾಕಷ್ಟು ಬದಲಾಗಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಗುತ್ತಿನ ಮನೆಯ, ಅಂದರೆ ಊರಿನ ಹಿರಿಯ ಭೂಮಾಲಿಕ ಮನೆತನದ, ನೇಮದ ಖರ್ಚು ಒಂದು ಕಾಲದಲ್ಲಿ ಒಕ್ಕಲುಗಳು ಅಳೆಯುತ್ತಿದ್ದ ಗೇಣಿಯಿಂದ ಸಾಗುತ್ತಿತ್ತು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಉಳುವವನೇ ಹೊಲದೊಡೆಯನಾದಾಗ ಆ ವ್ಯವಸ್ಥೆ ಬುಡಸಮೇತ ಕಳಚಿಬಿತ್ತು. ಕೆಲವು ಮನೆಗಳಲ್ಲಿ ನೇಮ ವರ್ಷಗಟ್ಟಲೆ ನಿಂತಿತು, ಕೆಲವೆಡೆ ಊರಿನವರ ಸಮಿತಿ ಹುಟ್ಟಿ ರಶೀದಿ ಪುಸ್ತಕ ಹಿಡಿದು ವಂತಿಗೆ ಎತ್ತಿ ನಡೆಸತೊಡಗಿತು. ದೀಟಿಗೆಯ ಬೆಳಕಿಗೆ ಟ್ಯೂಬ್‌ಲೈಟು ಸೇರಿತು, ದೈವದ ನುಡಿಗೆ ಮೈಕು ಬಂತು, ಬೆಳಗಿನವರೆಗೆ ನಡೆಯಬೇಕಾದ ನೇಮವನ್ನು ಮರುದಿನ ಕೆಲಸಕ್ಕೆ ಹೋಗುವವರಿಗಾಗಿ ನಡುರಾತ್ರಿಯೊಳಗೆ ಮುಗಿಸುವುದೂ ಹಲವೆಡೆ ರೂಢಿಯಾಯಿತು. ಇವೆಲ್ಲ ನಮ್ಮ ಅನುಕೂಲಕ್ಕೆ ಆದ ಬದಲಾವಣೆಗಳು. ಆಗ ಕಟ್ಟು ಮುರಿಯಿತೆಂದು ಬೊಬ್ಬೆ ಹಾಕದವರು, ಅಂಗಳದ ಕೊನೆಯಲ್ಲಿ ನಿಂತವರ ಮರ್ಯಾದೆಯ ಮಾತು ಬಂದಾಗ ಮಾತ್ರ ಕಟ್ಟನ್ನು ನೆನಪಿಸಿಕೊಳ್ಳುವುದು ನ್ಯಾಯವಲ್ಲ.

ಬದಲಾವಣೆಗೆ ನಮ್ಮಲ್ಲೇ ದಾರಿಯೂ ಇದೆ. ಕುಟುಂಬಸ್ಥರನ್ನು ಸೇರಿಸಿ ಮಾತಾಡುವುದು, ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸುವುದು, ನೇಮದ ದಿನ ಹತ್ತು ಸಮಸ್ತರ ಎದುರಿನಲ್ಲಿ ದೈವಕ್ಕೆ ಅರಿಕೆ ಮಾಡಿಕೊಂಡು ಅಭಯದ ನುಡಿ ಪಡೆಯುವುದು ಎಲ್ಲವೂ ಹಿರಿಯರೇ ಹಾಕಿಕೊಟ್ಟ ಕ್ರಮಗಳು. ಈ ದಾರಿಯಲ್ಲಿ ಆದ ತೀರ್ಮಾನಕ್ಕೆ ಮನೆಯವರೆಲ್ಲರ ಮನಸ್ಸೂ ಕೂಡಿಕೊಳ್ಳುತ್ತದೆ. ಯಾರೋ ಒಬ್ಬರು ಕಾಗದದಲ್ಲಿ ಬರೆದು ಓದಿ ಹೇಳಿದ ಸುಧಾರಣೆ ಮುಂದಿನ ವರ್ಷಕ್ಕೆ ಉಳಿಯುವುದು ಕಷ್ಟ.

ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯುವುದು ಹೇಗೆ?

ಆ ಆಚರಣೆಯ ಭಾರವನ್ನು ಹೊರುವವರು ಯಾರು, ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿದೆಯೇ ಎಂದು ನೋಡಬೇಕು. ವ್ರತ ಹಿಡಿದು ಉಪವಾಸವಿರುವ ಗಡಿ ಪ್ರಧಾನರು (ದೈವದ ಸೇವೆಗೆ ಪಟ್ಟವಾದ ಮುಖ್ಯಸ್ಥರು) ತಮ್ಮ ಭಾರವನ್ನು ತಾವೇ ಹೊರುತ್ತಾರೆ. ಅಂಥ ಕಟ್ಟು ಎಷ್ಟು ಕಠಿಣವಾಗಿದ್ದರೂ ಅದಕ್ಕೆ ಕೈಮುಗಿಯಬಹುದು. ಒಬ್ಬರ ಹುಟ್ಟನ್ನು ನೋಡಿ ಅವರನ್ನು ಹೊರಗೆ ನಿಲ್ಲಿಸಿ, ಆ ದೂರವನ್ನೇ ಶುದ್ಧಿಯೆಂದು ಕರೆಯುವ ಕಟ್ಟು ಬೇರೆ ಜಾತಿಯದು.

ಇದು ಹೊರಗಿನಿಂದ ತಂದ ಮಾನದಂಡ ಎಂದು ಕೆಲವರು ಆಕ್ಷೇಪಿಸುತ್ತಾರೆ. ನಮ್ಮ ಪಾಡ್ದನಗಳನ್ನು (ದೈವಗಳ ಕಥೆ ಹೇಳುವ ತುಳು ಹಾಡುಗಳನ್ನು) ಕಿವಿಗೊಟ್ಟು ಕೇಳಿದರೆ ಹಾಗನ್ನಿಸುವುದಿಲ್ಲ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಇನ್ನೊಂದು ಕಡೆ ಅಂಥದ್ದನ್ನು ಮಾಡಬಾರದೆಂದು ಅರಸ ಅವನ ಕೈಕಾಲು ಕಡಿಸಿದ್ದನ್ನು ಕಲ್ಕುಡನ ಪಾಡ್ದನ ಹೇಳುತ್ತದೆ. ಅಣ್ಣ ಕಲ್ಕುಡನಿಗಾದ ಅನ್ಯಾಯಕ್ಕೆ ಎದ್ದುನಿಂತವಳು ಕಲ್ಲುರ್ಟಿ. ಅವಳಿ ವೀರರಾದ ಕೋಟಿ ಚೆನ್ನಯರು ಬಲ್ಲಾಳನ ಅರಮನೆಯಲ್ಲಿ ತಮ್ಮ ಪಾಲಿನ ನ್ಯಾಯ ಸಿಗದೆ ಊರು ಬಿಟ್ಟವರು. ಕೊರಗಜ್ಜನೆಂದು ಪೂಜೆಗೊಳ್ಳುವ ಕೊರಗ ತನಿಯ ದೇವಸ್ಥಾನದ ಹೊರಗೆ ತಡೆಯಲ್ಪಟ್ಟು ಮಾಯವಾದವನು. ನಾವು ದೀಪವಿಟ್ಟು ಪೂಜಿಸುವ ದೈವಗಳಲ್ಲಿ ಎಷ್ಟೋ ಮಂದಿ ಬದುಕಿದ್ದಾಗ ಅನ್ಯಾಯ ಉಂಡವರು. ಅವರ ಹೆಸರಿನಲ್ಲಿಯೇ ಇನ್ನೊಬ್ಬರಿಗೆ ಅದೇ ಅನ್ಯಾಯ ಮಾಡುವುದು ಹಿರಿಯರಿಗೆ ತೋರುವ ಗೌರವ ಆಗಲಾರದು ಎಂಬುದು ಈ ಉತ್ತರಗಳೆಲ್ಲದರ ಹಿಂದಿರುವ ನಂಬಿಕೆ.

ನೇಮ ಕಟ್ಟುವವರಿಗೆ ಊಟ, ತಂಗುವ ಜಾಗ ಬೇರೆ ಇರುವುದು ಹಿಂದಿನ ಕ್ರಮ. ಅದನ್ನು ಬಿಟ್ಟರೆ ದೈವಕ್ಕೆ ಕೋಪ ಬರುವುದಿಲ್ಲವೇ?

ದೈವಕ್ಕೆ ವೇಷ ಕಟ್ಟುವ ಪಂಬದ, ಪರವ, ನಲಿಕೆ ಸಮುದಾಯಗಳ ಹಿರಿಯರು ನೇಮದ ರಾತ್ರಿ ಮಾಡುವ ಕೆಲಸವನ್ನು ಹತ್ತಿರ ಕುಳಿತು ನೋಡಿದವರಿಗೆ ಈ ಪ್ರಶ್ನೆಗೆ ಉತ್ತರ ತಾನಾಗಿಯೇ ಹೊಳೆಯುತ್ತದೆ. ಎಣ್ಣೆ ಬೂಳ್ಯ (ಮೀಯಲು ಎಣ್ಣೆ, ಜೊತೆಗೆ ವೀಳ್ಯ) ಪಡೆದಲ್ಲಿಂದ ಅವರ ರಾತ್ರಿ ಶುರುವಾಗುತ್ತದೆ. ಮುಖಕ್ಕೆ ಅರ್ದಲದ ಹಳದಿ ಬಳಿದುಕೊಂಡು, ಅದು ಒಣಗುವುದರೊಳಗೆ ತೆಂಗಿನ ಗರಿಯ ಕಡ್ಡಿಯಿಂದ ಕಪ್ಪು ಕೆಂಪು ಗೆರೆಗಳನ್ನು ಎಳೆಯಬೇಕು. ಎಳೆಯ ತೆಂಗಿನ ಗರಿಯನ್ನು ಸೀಳಿ ಸಿರಿ ಎಂಬ ಉಡುಗೆ ಕಟ್ಟಿಕೊಳ್ಳಬೇಕು. ಮನೆಯ ಹೆಂಗಸು ಬದಿಯಲ್ಲಿ ತೆಂಬರೆ ಬಾರಿಸುತ್ತ ಪಾಡ್ದನ ಹೇಳುತ್ತಿರುತ್ತಾಳೆ. ದೈವ ಎಲ್ಲಿ ಹುಟ್ಟಿತು, ಯಾವ ಗಡಿ ದಾಟಿ ಈ ಮನೆಗೆ ಬಂತು ಎಂಬ ಚರಿತ್ರೆ ಗುತ್ತಿನವರಿಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಗಗ್ಗರ (ದೈವದ ಗೆಜ್ಜೆ) ಕಾಲಿಗೇರಿ, ಬೆನ್ನಿಗೆ ಅಣಿ ಎಂಬ ಪ್ರಭಾವಳಿ ಬಿಗಿದ ಮೇಲೆ ಮನೆಯ ಯಜಮಾನರು ಅದೇ ಮನುಷ್ಯನ ಎದುರು ತಲೆಬಾಗಿ, ತಮ್ಮ ಸಂಸಾರದ ಕಷ್ಟವನ್ನೆಲ್ಲ ಹೇಳಿಕೊಳ್ಳುತ್ತಾರೆ. ಬೆಳಗ್ಗೆ ಅಣಿ ಇಳಿದ ಮೇಲೆ ಆ ಮನುಷ್ಯ ದನದ ಹಟ್ಟಿಯ ಹಿಂದೆ ಎಲೆ ಹಾಸಿಕೊಂಡು ಉಣ್ಣಬೇಕಾದ ಮನೆಗಳು ನಮ್ಮ ನೆನಪಿನಲ್ಲೇ ಇವೆ. ಇದಕ್ಕಿಂತ ನೋವಿನ ಸಂಗತಿ ನಮ್ಮ ಆರಾಧನೆಯಲ್ಲಿ ಇನ್ನೊಂದಿಲ್ಲ.

ಒಂದೇ ಚಪ್ಪರದಲ್ಲಿ ಒಂದೇ ಪಂಕ್ತಿಯ ಊಟ, ಬಣ್ಣ ಹಾಕಿಕೊಳ್ಳಲು ಮಾಡು ಇರುವ ಕೋಣೆ, ಬಳಸಲು ಮನೆಯದೇ ಶೌಚಾಲಯ, ಮೊದಲೇ ಮಾತಾಡಿ ನಿಶ್ಚಯಿಸಿದ ಸಂಭಾವನೆ: ಇವು ಅವರಿಗೆ ಸಲ್ಲಬೇಕಾದದ್ದೇ ಹೊರತು ನಾವು ತೋರಿಸುವ ದೊಡ್ಡತನವಲ್ಲ. ಅಸ್ಪೃಶ್ಯತೆಯ ಆಚರಣೆ ಸಂವಿಧಾನದ 17ನೇ ವಿಧಿಯಂತೆ ನಿಷಿದ್ಧ, 1955ರ ಮತ್ತು 1989ರ ಕಾಯ್ದೆಗಳಂತೆ ಶಿಕ್ಷಾರ್ಹ ಅಪರಾಧ ಎಂಬುದನ್ನೂ ಕುಟುಂಬದ ಹಿರಿಯರಿಗೆ ತಿಳಿಸಿ ಹೇಳಬೇಕು. ದೈವದ ಕೋಪದ ಮಾತಿಗೆ ಬಂದರೆ, ತನ್ನನ್ನು ಮೈಮೇಲೆ ಹೊತ್ತವನಿಗೆ ಮರ್ಯಾದೆ ಸಿಕ್ಕಿತೆಂದು ಯಾವ ದೈವವೂ ಮುನಿಯಲಾರದು.

ದೈವ ಕಟ್ಟುವ ಮನೆತನದ ಮಗ ಓದಿ ಬೇರೆ ಕೆಲಸಕ್ಕೆ ಹೋಗಿದ್ದಾನೆ. ನೇಮಕ್ಕೆ ಬರುವುದಿಲ್ಲ ಎಂದರೆ ಒತ್ತಾಯಿಸಬಹುದೇ?

ಒತ್ತಾಯಿಸಬಾರದು. ಗಗ್ಗರ ತೊಡುವುದು ಅವನ ಮನೆತನಕ್ಕೆ ಬಂದ ಬೂಳ್ಯ, ಅಂದರೆ ಗೌರವ ಎಂದು ನಾವು ಹೇಳುತ್ತೇವೆ. ಗೌರವವೇ ಆಗಿದ್ದರೆ ಅದನ್ನು ಒಪ್ಪುವ ಮತ್ತು ಒಪ್ಪದಿರುವ ಹಕ್ಕು ಅವನದೇ ಆಗಿರಬೇಕು. ಓದಿ ಉದ್ಯೋಗದಲ್ಲಿದ್ದೂ ರಜೆ ಹಾಕಿ ಬಂದು ನೇಮ ಕಟ್ಟುವ ಯುವಕರು ಇದ್ದಾರೆ. ಅವರು ಬರುವುದು ಪ್ರೀತಿಯಿಂದ, ಹಟ್ಟಿಯ ಹಿಂದಿನ ಎಲೆಗಾಗಿ ಅಲ್ಲ. ಮೊಣಕಾಲು, ಬೆನ್ನು ಸವೆದು ಹೋಗುವ ಈ ಸೇವೆಗೆ ವಯಸ್ಸಾದ ಮೇಲೆ ಆಸರೆ ಬೇಕೆಂಬುದನ್ನು ಸರಕಾರವೂ ಮನಗಂಡು, 2022ರ ಅಕ್ಟೋಬರ್‌ನಲ್ಲಿ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಜೀರ್ಣೋದ್ಧಾರಕ್ಕೆ ಲಕ್ಷಗಟ್ಟಲೆ ಒಟ್ಟುಮಾಡುವ ಕುಟುಂಬಗಳು ಅದರಲ್ಲಿ ಒಂದು ಪಾಲನ್ನು ತಮ್ಮ ದೈವವನ್ನು ಕಟ್ಟಿದ ಹಿರಿಯರ ಚಿಕಿತ್ಸೆಗೆಂದು ತೆಗೆದಿಟ್ಟರೆ ತಪ್ಪೇನಿಲ್ಲ.

ಅಜಲು ಪದ್ಧತಿ ನಿಂತುಹೋಗಿದೆಯಲ್ಲ, ಈಗ ಅದರ ಮಾತೇಕೆ?

ಅಸ್ಪೃಶ್ಯರೆಂದು ದೂರವಿಟ್ಟ ಕೊರಗ ಸಮುದಾಯದವರನ್ನು ಕರೆಸಿ, ಮನೆಯ ಗರ್ಭಿಣಿಯ ಅಥವಾ ರೋಗಿಯ ಕೆಡುಕು ಅವರಿಗೆ ಹೋಗಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ತಿನ್ನಿಸುತ್ತಿದ್ದುದು, ಕಂಬಳದ ಹಿಂದಿನ ರಾತ್ರಿ ಇಬ್ಬನಿಯಲ್ಲಿ ಡೋಲು ಬಾರಿಸುತ್ತ ಗದ್ದೆಯ ಬದಿಯಲ್ಲಿ ಕೂರಿಸುತ್ತಿದ್ದುದು ಇದೇ ಅಜಲು, ಅದು ನಮ್ಮ ಊರುಗಳಲ್ಲಿಯೇ ನಡೆದದ್ದು. ಇದನ್ನು ನಿಷೇಧಿಸಲು ಕರ್ನಾಟಕವು 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದು ಅಷ್ಟರಲ್ಲಾಗಲೇ ಒಂದು ಶತಮಾನ ದಾಟಿತ್ತು.

ಮಾತು ಈಗಲೂ ಬೇಕು, ಏಕೆಂದರೆ ಕೊರಗಜ್ಜನ ಕಟ್ಟೆ ಇಂದು ಊರೂರಿಗೆ ಇದೆ. ಕಳೆದ ವಸ್ತು ಸಿಗಲೆಂದು ಎಲ್ಲ ಜಾತಿಯವರೂ ಅಜ್ಜನಿಗೆ ಚಕ್ಕುಲಿ, ವೀಳ್ಯ, ಕಳ್ಳು ಹರಕೆ ಹೇಳುತ್ತಾರೆ. ಆದರೆ ಅಜ್ಜನ ಕುಲದ ಮಕ್ಕಳಿಗೆ ಜಾಗದ ಹಕ್ಕುಪತ್ರ, ಆರೋಗ್ಯ, ಕಾಲೇಜು, ನೌಕರಿ ಸಿಗುವ ವಿಚಾರದಲ್ಲಿ ಅದೇ ಭಕ್ತರ ಕಾಳಜಿ ಕಾಣುವುದಿಲ್ಲ. ಕಟ್ಟೆ ಕಟ್ಟಿಸುವ ಸಮಿತಿಯಲ್ಲಿ ಊರಿನ ಕೊರಗ ಕುಟುಂಬದ ಒಬ್ಬರಾದರೂ ಕುರ್ಚಿಯಲ್ಲಿ ಕುಳಿತಿದ್ದಾರೆಯೇ ಎಂದು ಕೇಳಿ ನೋಡುವುದು ಒಳ್ಳೆಯದು.

ಮಡೆಸ್ನಾನವನ್ನು ಭಕ್ತರು ತಾವಾಗಿಯೇ ಮಾಡುತ್ತಿದ್ದರು. ಸ್ವಇಚ್ಛೆಯ ಸೇವೆಯನ್ನು ತಡೆದದ್ದು ಸರಿಯೇ?

ಇದು ಸುಲಭದ ಪ್ರಶ್ನೆಯಲ್ಲ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಸಮಯ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಉರುಳುತ್ತಿದ್ದವರನ್ನು ಯಾರೂ ಹಿಡಿದು ತಂದಿರಲಿಲ್ಲ. ಚರ್ಮರೋಗ ವಾಸಿಯಾಗಲಿ, ಮಕ್ಕಳಾಗಲಿ ಎಂದು ಹರಕೆ ಹೊತ್ತು ಬಂದವರು ಅವರು, ಬೇರೆ ಬೇರೆ ಜಾತಿಯವರೂ ಇದ್ದರು. ಅಲ್ಲಿನ ಬ್ರಹ್ಮರಥವನ್ನು ಕಾಡಿನ ಬೆತ್ತದಿಂದ ಕಟ್ಟುವ ಮಲೆಕುಡಿಯ ಸಮುದಾಯದವರಲ್ಲಿ ಕೆಲವರು ಇದು ತಮ್ಮ ಪರಂಪರಾಗತ ಸೇವೆ ಎಂದು ನಿಷೇಧವನ್ನು ವಿರೋಧಿಸಿದ್ದೂ ಉಂಟು. ಅವರ ಮಾತನ್ನು ತಳ್ಳಿಹಾಕಿ ಅಜ್ಞಾನವೆಂದು ಕರೆದವರು ಸುಧಾರಣೆಗೆ ಉಪಕಾರ ಮಾಡಲಿಲ್ಲ.

ಆದರೂ, ಒಬ್ಬ ಮನುಷ್ಯನ ಎಂಜಲು ಇನ್ನೊಬ್ಬ ಮನುಷ್ಯನ ರೋಗಕ್ಕೆ ಮದ್ದಾಗುವುದು ಜಾತಿಯ ಮೇಲುಕೀಳನ್ನು ಒಪ್ಪಿಕೊಂಡಾಗ ಮಾತ್ರ. ಹರಕೆ ಹೊತ್ತವರ ಭಕ್ತಿ ನಿಜವಾದದ್ದು, ಆ ಭಕ್ತಿಗೆ ನಾವು ತೋರಿಸಿದ ದಾರಿ ತಪ್ಪಾದದ್ದು. ನೈವೇದ್ಯವಿಟ್ಟ ಎಲೆಯ ಮೇಲೆ ಉರುಳುವ ಎಡೆಸ್ನಾನ ಎಂಬ ನಡುದಾರಿಯ ಚರ್ಚೆಯೂ ಬಂತು, ವಿಷಯ ನ್ಯಾಯಾಲಯಗಳ ಮೆಟ್ಟಿಲನ್ನೂ ಹತ್ತಿತು. ಕೊನೆಗೆ ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯುವ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂದಾಗ ಮಡೆಸ್ನಾನವೂ ಅದರ ನಿಷೇಧಿತ ಪಟ್ಟಿಯಲ್ಲಿತ್ತು. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಮಹತ್ವದ್ದು 2018ರ ಡಿಸೆಂಬರ್‌ನಲ್ಲಿ ಉಡುಪಿಯಲ್ಲಿ ಆದದ್ದು. ಆಗ ಪರ್ಯಾಯ ಪೀಠದಲ್ಲಿದ್ದ ಪಲಿಮಾರು ಮಠದ ಶ್ರೀಗಳು ಶ್ರೀಕೃಷ್ಣ ಮಠದಲ್ಲಿ ಮಡೆಸ್ನಾನವನ್ನೂ ಎಡೆಸ್ನಾನವನ್ನೂ ತಾವೇ ನಿಲ್ಲಿಸಿದರು. ಪೀಠದಲ್ಲಿ ಕುಳಿತವರೇ ಇದು ಬೇಡವೆಂದಾಗ ಭಕ್ತರಿಗೆ ಸೋತೆವೆಂಬ ಭಾವನೆ ಬರುವುದಿಲ್ಲ.

ಅಳಿಯಸಂತಾನ ಕಟ್ಟು ಹೋಗಿ ಸಮಾನ ಹಕ್ಕು ಬಂದದ್ದು ಹೆಣ್ಣುಮಕ್ಕಳಿಗೆ ಲಾಭವೇ?

ಲಾಭವೂ ಹೌದು, ನಷ್ಟವೂ ಹೌದು. ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ಸಮುದಾಯಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಸಾಗುತ್ತಿತ್ತು, ಹೆಣ್ಣು ಹುಟ್ಟಿದರೆ ಕುಟುಂಬ ಬೆಳೆಯಿತೆಂದು ಹಿರಿಯರು ಸಂತೋಷಪಡುತ್ತಿದ್ದರು. ಗಂಡನ ಮನೆಯಲ್ಲಿ ಕಷ್ಟವಾದರೆ ಹಿಂದಿರುಗಿ ಬರಲು ಅವಳದೇ ಆದ ಮನೆಯಿತ್ತು. ಆದರೆ ಕಡತ, ಕೀಲಿಕೈ ಎರಡೂ ಹೆಚ್ಚಿನ ಕಡೆ ಯಜಮಾನನಾದ ಸೋದರಮಾವನ ಕೈಯಲ್ಲಿದ್ದವು, ಎಲ್ಲರೂ ಒಪ್ಪದೆ ಪಾಲು ಕೇಳಲು ದಾರಿಯಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಹೆಣ್ಣಿನ ಮೂಲಕ ಸಾಗುವ ಕುಟುಂಬದ ಕವಲುಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಗಂಡಸಿನ ಆಸ್ತಿ ಅವನ ಹೆಂಡತಿ ಮಕ್ಕಳಿಗೆ ಇಳಿಯತೊಡಗಿತು. ಅಪ್ಪನ ದುಡಿಮೆಯಲ್ಲಿ ಮಕ್ಕಳಿಗೆ ಏನೂ ಸಿಗದ ಹಳೆಯ ಅನ್ಯಾಯ ಇದರಿಂದ ತೀರಿತು.

ಹೋದದ್ದು ಹೆಣ್ಣಿನ ಸುತ್ತ ಕಟ್ಟಿಕೊಂಡಿದ್ದ ಮನೆ. ಹಿಂದೆ ತರವಾಡಿನ (ಕುಟುಂಬದ ಮೂಲ) ಮನೆಯಲ್ಲಿ ಹಕ್ಕಿನಿಂದ ಕೂರುತ್ತಿದ್ದ ಹೆಂಗಸಿಗೆ ಇಂದು ಅಣ್ಣತಮ್ಮಂದಿರು ಹಕ್ಕು ಖುಲಾಸೆ ಪತ್ರ ಮುಂದಿಟ್ಟು ಸಹಿ ಕೇಳುವುದನ್ನು ಕಂಡಾಗ ಮನಸ್ಸು ಕುಗ್ಗುತ್ತದೆ. ತಂದೆಯಿಂದ ಮಕ್ಕಳಿಗೆ ಆಸ್ತಿ ಇಳಿಯುವ ಮಕ್ಕಳಕಟ್ಟಿನ ಮನೆಗಳಲ್ಲಿಯೂ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲಿಯೂ ಕೇಂದ್ರ 2005ರಲ್ಲಿಯೂ ಕಾನೂನು ಮಾಡಿದವು. ಆ ಹಕ್ಕು ಹುಟ್ಟಿನಿಂದಲೇ ಬರುವುದರಿಂದ 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಹೀಗಿರುವಾಗ ಅಳಿಯಸಂತಾನದ ಮನೆತನಗಳು ಈ ಹೊಸ ಕಾನೂನಿನಲ್ಲಿ ತಮ್ಮ ಹಳೆಯ ಮೌಲ್ಯವನ್ನೇ ಕಾಣಬೇಕು. ಬಳಿ (ಕುಲದ ಹೆಸರು) ಇಂದಿಗೂ ತಾಯಿಯಿಂದಲೇ ಬರುತ್ತದೆ, ಕುಟುಂಬದ ದೈವವೂ ತಾಯಿಯ ಕಡೆಯದೇ. ಬಳಿಯನ್ನು ಹೆಣ್ಣಿನಿಂದ ಪಡೆದು, ಆಸ್ತಿಯ ಕಾಗದದಿಂದ ಅವಳ ಹೆಸರನ್ನು ತೆಗೆಸುವುದು ಹಳೆಯ ಕಟ್ಟಿಗೂ ಹೊಸ ಕಾನೂನಿಗೂ ಮಾಡುವ ದ್ರೋಹ.

ವಿಧವೆಯರು, ವಿಚ್ಛೇದನ ಪಡೆದವರು ಮನೆಯ ಕಾರ್ಯದಲ್ಲಿ ಮುಂದೆ ನಿಲ್ಲಬಹುದೇ?

ಪಾಡ್ದನದ ನಾಯಕಿ ಸಿರಿಯ ಕಥೆಯನ್ನು ನಂಬುವ ನಾಡಿನಲ್ಲಿ ಈ ಪ್ರಶ್ನೆ ಏಳಬಾರದಿತ್ತು. ಬಯಕೆಯ ಸೀರೆಯನ್ನು ಗಂಡ ಕಾಂತು ಪೂಂಜ ಮೊದಲು ಬೇರೊಬ್ಬಳಿಗೆ ಉಡಿಸಿ ತಂದನೆಂದು ತಿಳಿದಾಗ ಸಿರಿ ಆ ಸೀರೆಯನ್ನು ಮುಟ್ಟಲಿಲ್ಲ. ಮುಂದೆ ತಾನಾಗಿಯೇ ಗಂಡನನ್ನು ಬಿಟ್ಟು ಹೊರಟಳು, ಮರುಮದುವೆಯೂ ಆದಳು. ಅಂಥ ಸಿರಿಯ ಹೆಸರಿನಲ್ಲಿ ಕವತ್ತಾರು, ಹಿರಿಯಡ್ಕ, ನಂದಳಿಕೆಗಳಲ್ಲಿ ಜಾತ್ರೆ ನಡೆಯುತ್ತದೆ. ಅದೇ ಜಾತ್ರೆಯಿಂದ ಮನೆಗೆ ಬಂದು, ಗಂಡನನ್ನು ಬಿಟ್ಟ ಸೊಸೆಗೆ ದೀಪ ಹಚ್ಚಬೇಡ ಎನ್ನುವುದು ಸಿರಿಗೇ ಎದುರು ನಡೆದಂತೆ.

ಮಂಗಳೂರಿನ ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರ, ದೇವಸ್ಥಾನಗಳಿಗೆ ಪ್ರವೇಶವಿಲ್ಲದಿದ್ದ ಬಿಲ್ಲವರಿಗಾಗಿ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಸ್ಥಳ. ಅಲ್ಲಿ 2013ರ ನವರಾತ್ರಿಯ ಹೊತ್ತಿಗೆ ಇಬ್ಬರು ವಿಧವೆಯರನ್ನೇ ಅರ್ಚಕರಾಗಿ ನೇಮಿಸಿದರು. ಮನೆಯ ತಂಬಿಲದಲ್ಲಿ ಆರತಿ ಹಿಡಿಯುವುದು ಅದರ ಮುಂದೆ ಬಹಳ ಸಣ್ಣ ಹೆಜ್ಜೆ.

ಕೋಳಿಯ ಅಗೆಲು ಬಿಟ್ಟು ಸಸ್ಯಾಹಾರದ ಸೇವೆ ಮಾಡುವುದು, ತಂತ್ರಿಗಳನ್ನು ಕರೆಸಿ ಬ್ರಹ್ಮಕಲಶ ಮಾಡಿಸುವುದು ಪ್ರಗತಿಯಲ್ಲವೇ?

ಹಾಗೆಂದು ಸುಮ್ಮನೆ ಒಪ್ಪಿಕೊಳ್ಳಬೇಡಿ. ದೇವಸ್ಥಾನ ಮತ್ತು ಅದರ ಆವರಣದಲ್ಲಿ ಪ್ರಾಣಿಬಲಿಯನ್ನು 1959ರ ಕಾಯ್ದೆ ನಿಷೇಧಿಸಿದೆ, ಅದನ್ನು ಪಾಲಿಸಬೇಕು. ಜೀವಹಿಂಸೆ ಬೇಡವೆಂದು ಮನಸಾರೆ ಬಿಟ್ಟವರ ನಿರ್ಧಾರವೂ ಗೌರವಕ್ಕೆ ತಕ್ಕದ್ದು. ಆದರೆ ಅಗೆಲು ಬಡಿಸುವುದು ಮನೆಯವರು ತಮ್ಮ ಅಡುಗೆಯನ್ನೇ ತಮ್ಮ ಹಿರಿಯರಿಗೆ, ದೈವಕ್ಕೆ ಬಡಿಸುವ ಕ್ರಮ, ನಡುವೆ ಪುರೋಹಿತರಿಲ್ಲ. ನಮ್ಮ ಊಟ ಕೀಳೆಂಬ ನಾಚಿಕೆಯಿಂದ ಅದನ್ನು ಬಿಟ್ಟಿದ್ದರೆ ಅದು ಪ್ರಗತಿಯಲ್ಲ, ಮೇಲುಕೀಳನ್ನು ಇನ್ನೊಂದು ಬಾಗಿಲಿನಿಂದ ಒಳಗೆ ಕರೆದಂತೆ. ಮಡಿವಾಳ, ಬಂಡಾರಿ, ಬಿಲ್ಲವ, ಬಂಟ, ಪಂಬದ ಹೀಗೆ ಒಬ್ಬೊಬ್ಬರಿಗೆ ಒಂದೊಂದು ಚಾಕರಿಯಿದ್ದ ಆರಾಧನೆಯಲ್ಲಿ ಎಲ್ಲರನ್ನೂ ಬದಿಗೆ ಸರಿಸಿ ಹೊರಗಿನವರ ಕೈಗೆ ಪೂಜೆ ಒಪ್ಪಿಸಿದಾಗ, ಹಿರಿಯರ ದೈವ ನಮ್ಮಿಂದ ದೂರವಾಗುತ್ತದೆ.

ನಾಗಬನಕ್ಕೆ ಗ್ರಾನೈಟ್ ಹಾಕಿಸಬಹುದೇ?

ಬೇಡ. ಬನವೆಂದರೆ ಮರ, ಬಳ್ಳಿ, ಹುತ್ತ, ನೀರು ಹಿಡಿದಿಡುವ ಮಣ್ಣು. ರೆಂಜೆ, ಪಾಲೆ, ಬೈನೆ ಮರಗಳನ್ನು ಕಡಿದು ಕಾಂಕ್ರೀಟ್ ಕಟ್ಟೆ ಕಟ್ಟಿದರೆ ಅಲ್ಲಿ ಹಾವಿಗೂ ನೆಲೆಯಿಲ್ಲ, ನಾಗನಿಗೂ ನೆರಳಿಲ್ಲ. ಕಟ್ಟಿನ ಪ್ರಕಾರ ಕತ್ತಿ ಹಾಕಬಾರದ ಜಾಗವದು. ಈ ಒಂದು ವಿಷಯದಲ್ಲಿ ಹಿರಿಯರು ಹೇಳಿದ್ದನ್ನು ಅಕ್ಷರಶಃ ಪಾಲಿಸಿದರೆ ಸಾಕು.

ಕಂಬಳದ ವಿಚಾರದಲ್ಲಿ ಪ್ರಾಣಿದಯೆಯ ಪ್ರಶ್ನೆಗೆ ಏನು ಹೇಳಬೇಕು?

2016ರಲ್ಲಿ ಹೈಕೋರ್ಟ್ ತಡೆ ನೀಡಿದ ಮೇಲೆ ರಾಜ್ಯ ಸರಕಾರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿದಿದೆ. ಕೋಣಗಳಿಗೆ ನೋವಾಗದಂತೆ ನಡೆಸುವೆವೆಂಬ ಭರವಸೆಯ ಮೇಲೆ ಸಿಕ್ಕ ಅನುಮತಿಯಾದ್ದರಿಂದ, ಆ ಭರವಸೆಯನ್ನು ಕರೆಯಲ್ಲಿ (ಕೋಣಗಳು ಓಡುವ ಗದ್ದೆಯಲ್ಲಿ) ಉಳಿಸಿಕೊಳ್ಳುವ ಹೊಣೆ ಸಂಘಟಕರದು.

ದೂರದೂರಿನಲ್ಲಿ ಬೆಳೆದ ಮಕ್ಕಳಿಗೆ ಇದನ್ನೆಲ್ಲ ಹೇಗೆ ದಾಟಿಸುವುದು?

ಭಯದಿಂದ ದಾಟಿಸಬೇಡಿ. ಕಾಯಿಲೆ, ಸಾಲ, ಮದುವೆಯ ವಿಳಂಬ ಎಲ್ಲಕ್ಕೂ ದೈವದೋಷವೇ ಕಾರಣವೆಂದು ಹೇಳಿ ಬೆಳೆಸಿದ ಮಕ್ಕಳು ದೊಡ್ಡವರಾದ ಮೇಲೆ ಒಂದೋ ಹೆದರುತ್ತಲೇ ಇರುತ್ತಾರೆ, ಇಲ್ಲವೇ ಪೂರ್ತಿ ಕೈಬಿಡುತ್ತಾರೆ. ನೇಮದ ದಿನ ಅವರನ್ನು ಫೋಟೋ ತೆಗೆಯಲು ಬಿಡುವುದಕ್ಕಿಂತ ಪಾಡ್ದನ ಹೇಳುವ ಅಜ್ಜಿಯ ಬಳಿ ಕೂರಿಸಿ, ಅರ್ಥವಾಗದ ತುಳು ಮಾತನ್ನು ಬಿಡಿಸಿ ಹೇಳಿ. ನೇಮ ಕಟ್ಟುವ ಹಿರಿಯರನ್ನು ಹೆಸರಿಟ್ಟು, ಗೌರವದಿಂದ ಮಾತಾಡಿಸಲು ಕಲಿಸಿ. ಆ ವೇಷವನ್ನು ವೇದಿಕೆಯಲ್ಲೋ ರೀಲ್ಸಿನಲ್ಲೋ ಅನುಕರಿಸಿದರೆ ಅದನ್ನು ಬದುಕಾಗಿಸಿಕೊಂಡವರಿಗೆ ಏಕೆ ನೋವಾಗುತ್ತದೆಂಬುದು ಆಗ ಅವರಿಗೆ ತಾನಾಗಿಯೇ ತಿಳಿಯುತ್ತದೆ.

ಮನೆಯ ಹಿರಿಯರು ಯಾವ ಬದಲಾವಣೆಗೂ ಒಪ್ಪದಿದ್ದರೆ?

ಜಗಳವಾಡಿ ನೇಮದ ದಿನ ಹೊರಗೆ ನಿಂತರೆ ಮುಂದಿನ ವರ್ಷ ನಿಮ್ಮ ಮಾತಿಗೆ ಬೆಲೆಯಿರುವುದಿಲ್ಲ. ವಂತಿಗೆ ಕೊಡಿ, ಚಪ್ಪರ ಕಟ್ಟಲು ಕೈಜೋಡಿಸಿ, ಭಂಡಾರ (ದೈವದ ಒಡವೆ, ಆಯುಧಗಳು) ಹೊರಡುವಾಗ ಜೊತೆಗೆ ನಡೆಯಿರಿ. ಅನಂತರ ಅಜ್ಜನನ್ನೋ ದೊಡ್ಡಮ್ಮನನ್ನೋ ಒಬ್ಬರೇ ಇದ್ದಾಗ ಕೇಳಿ. ಸಭೆಯಲ್ಲಿ ಒಪ್ಪದವರು ಚಾವಡಿಯ ಮೂಲೆಯಲ್ಲಿ ಒಪ್ಪುವುದುಂಟು, ಏಕೆಂದರೆ ಅವರಲ್ಲಿ ಹೆಚ್ಚಿನವರಿಗೆ ಅನ್ಯಾಯದ ಅರಿವು ಇಲ್ಲದಿಲ್ಲ, ತಮ್ಮ ಕಾಲದಲ್ಲಿ ಕಟ್ಟು ಮುರಿಯಿತೆಂಬ ಅಪವಾದ ಬೇಡವೆಂಬ ಅಂಜಿಕೆಯಷ್ಟೇ ಇದೆ. ಆ ಅಪವಾದವನ್ನು ಕುಟುಂಬವೆಲ್ಲ ಹಂಚಿಕೊಳ್ಳುತ್ತದೆಂದು ಅವರಿಗೆ ಧೈರ್ಯ ಕೊಡಬೇಕು. ಎಲ್ಲವನ್ನೂ ಒಂದೇ ವರ್ಷದಲ್ಲಿ ಕೇಳದೆ ಊಟದ ಪಂಕ್ತಿಯಿಂದ ಶುರುಮಾಡುವುದು ಒಳ್ಳೆಯದು. ಅಸ್ಪೃಶ್ಯತೆಯ ವಿಷಯದಲ್ಲಿ ಮಾತ್ರ ಕಾಯುವಂತಿಲ್ಲ: ಈ ವರ್ಷ ಅವರಿಗೆ ಚಪ್ಪರದೊಳಗೆ ಎಲೆ ಹಾಕಲು ಒಪ್ಪದಿದ್ದರೆ, ನೀವೂ ನಿಮ್ಮ ಮಕ್ಕಳೂ ಅವರ ಎಲೆ ಇರುವಲ್ಲಿಗೇ ಹೋಗಿ, ಪಕ್ಕದಲ್ಲಿ ಕುಳಿತು ಉಣ್ಣಿರಿ.